ಚಾಲಕನಿಗೂ ನಿದ್ರೆ ಬೇಕು

‘ಹಸಿವು ರುಚಿಯನ್ನರಿಯದು, ನಿದ್ರೆ ಸುಖವನ್ನರಿಯದು’ ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ನಿದ್ರೆ ಬಂದವನಿಗೆ ಹಾಸಿಗೆಯೇ ಆಗಬೇಕೆಂದಿಲ್ಲ, ಕಲ್ಲುಬೆಂಚಾದರೂ ಸಾಕು. ಆದರೆ ಗಾಡಿ ಓಡಿಸುತ್ತಿರುವಾಗಲೇ ಚಾಲಕನಿಗೆ ನಿದ್ರೆ ಬಂದರೆ ಗತಿಯೇನು?

ನಮ್ಮ ಹೊಸೂರಿನಿಂದ ಬೆಂಗಳೂರು ಸುಮಾರು 40 ಕಿ.ಮೀ. ದೂರ. ನಮ್ಮಲ್ಲಿ ಹಲವರ ಮನೆಯ ಹಿರಿಯರು ಸ್ವಂತ ಇಲ್ಲವೆ ಬಾಡಿಗೆ ಗಾಡಿ ಓಡಿಸಿ ಸಂಸಾರ ಸಾಗಿಸುವವರು. ಗುಲಾಬಿ, ತರಕಾರಿಗಳ ಹೊರೆ ಬೆಳಗಾಗುವ ಮೊದಲೇ ಮಾರುಕಟ್ಟೆ ಸೇರಬೇಕು. ಅಲ್ಲಿಂದ ಮತ್ತೊಂದು ಬಾಡಿಗೆ, ಮಗದೊಂದು ಬಾಡಿಗೆ. ಅವರಿಗೆ ತಿಂಗಳ ಸಂಬಳವಿಲ್ಲ. ಗಾಡಿ ನಿಂತರೆ ಆ ದಿನದ ಸಂಪಾದನೆಯೂ ನಿಂತಿತು. ಸಾಲದ ಕಂತು ಮಾತ್ರ ನಿಲ್ಲದು.

1961ರ ಮೋಟಾರು ಸಾರಿಗೆ ಕೆಲಸಗಾರರ ಕಾನೂನು ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಗಳ ದುಡಿಮೆಯ ಮಿತಿ ಹಾಕಿತು. 5 ಗಂಟೆ ದುಡಿದವನಿಗೆ ಅರ್ಧ ಗಂಟೆಯಾದರೂ ವಿರಾಮ ಕೊಡಬೇಕೆಂದಿತು. ಆದರೆ ಅದು 5 ಅಥವಾ ಹೆಚ್ಚು ಕೆಲಸಗಾರರಿದ್ದ ಸಂಸ್ಥೆಗಳಿಗಾಗಿ ಮಾಡಿದ್ದು. ತಾನೇ ಒಡೆಯ, ತಾನೇ ಆಳು ಆದವನಿಗೆ ‘ಇನ್ನು ಸಾಕು, ಮಲಗು’ ಎನ್ನುವವರು ಯಾರು?

ನಾವು ಎಚ್ಚರವಾಗಿರುವಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಸಂಗ್ರಹವಾಗುತ್ತದೆ. ಅದು ಹೆಚ್ಚಿದಂತೆ ನಿದ್ರೆ ಒತ್ತಿ ಬರುತ್ತದೆ. ಅದನ್ನು ಇಳಿಸುವುದು ನಿದ್ರೆಯೊಂದೇ. ಬೆಳಗಿನ ಜಾವ 2ರಿಂದ 6 ಗಂಟೆಯವರೆಗೆ ಮತ್ತು ಮಧ್ಯಾಹ್ನ ಊಟದ ನಂತರ ದೇಹ ತಾನಾಗಿಯೇ ಮಂಕಾಗುತ್ತದೆ. ಬಳಲಿದವನಿಗೆ ಆಗ ಅರಿವಿಲ್ಲದೆಯೇ ಕೆಲವು ಕ್ಷಣ ಜೋಂಪು ಹತ್ತುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿರುವ ಗಾಡಿ 4 ಸೆಕೆಂಡುಗಳಲ್ಲಿ ಸುಮಾರು 67 ಮೀಟರು ಮುಂದೆ ಹೋಗಿರುತ್ತದೆ. ಅಷ್ಟು ದೂರವೂ ಅದು ಕುರುಡು ಗಾಡಿಯೇ!

17 ಗಂಟೆ ಎಚ್ಚರವಿದ್ದವನ ಚುರುಕುತನವು ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯವಿರುವವನ ಮಟ್ಟಕ್ಕೆ ಇಳಿಯುತ್ತದೆಂದು ಆಸ್ಟ್ರೇಲಿಯದ ವಿಜ್ಞಾನಿಗಳು 1997ರಲ್ಲಿ ಪ್ರಕಟಿಸಿದರು. ನಮ್ಮ ದೇಶದ ಕಾನೂನು ಚಾಲಕನಿಗೆ ಹಾಕಿರುವ ಮಿತಿ ಶೇಕಡಾ 0.03. ಅಂದರೆ ಒಂದು ತೊಟ್ಟೂ ಕುಡಿಯದ ಸಜ್ಜನನೂ ನಿದ್ರೆಗೆಟ್ಟಾಗ ಕುಡಿದವನಂತಾಗುತ್ತಾನೆ. ಆದರೆ ಪೊಲೀಸರ ಊದುವ ಯಂತ್ರಕ್ಕೆ ಅದು ತಿಳಿಯದು.

ಕಿಟಕಿ ತೆರೆಯುವುದು, ಹಾಡು ಹಾಕುವುದು, ಮುಖ ತೊಳೆಯುವುದು ಇವೆಲ್ಲ ಕೆಲವೇ ನಿಮಿಷಗಳ ಉಪಾಯಗಳು. ಕಾಫಿ ಅಡಿನೋಸಿನ್‌ಗೆ ಕೊಂಚ ಹೊತ್ತು ಅಡ್ಡ ನಿಲ್ಲುತ್ತದೆಯೇ ಹೊರತು ಅದನ್ನು ತೆಗೆಯುವುದಿಲ್ಲ. ಆಕಳಿಕೆ ಮೇಲಿಂದ ಮೇಲೆ ಬಂದರೆ, ಈಗ ದಾಟಿದ ಊರು ನೆನಪಾಗದಿದ್ದರೆ, ಸುರಕ್ಷಿತವಾದ ಜಾಗದಲ್ಲಿ ಗಾಡಿ ನಿಲ್ಲಿಸಿ 20 ನಿಮಿಷ ಮಲಗುವುದೇ ತಕ್ಷಣದ ಮದ್ದು. ರಾತ್ರಿಯ ಪೂರ್ಣ ನಿದ್ರೆಗೆ ಬದಲಿಯಿಲ್ಲ.

ಇದರಲ್ಲಿ ವಿದ್ಯಾರ್ಥಿಗಳಾದ ನಮ್ಮ ಪಾಲೂ ಇದೆ. ರಾತ್ರಿ ದುಡಿದು ಬಂದವರು ಹಗಲು ಮಲಗಿರುವಾಗ ಮನೆಯಲ್ಲಿ ಗದ್ದಲ ಮಾಡದಿರೋಣ. ದಾರಿಯಲ್ಲಿರುವವರಿಗೆ ಫೋನ್ ಮಾಡಿ ‘ಎಲ್ಲಿದ್ದೀರಿ, ಬೇಗ ಬನ್ನಿ’ ಎಂದು ಅವಸರಪಡಿಸದಿರೋಣ. ಅವರು ಹೊರಡುವ ಮುನ್ನವೇ ‘ನಿದ್ರೆ ಬಂದರೆ ನಿಲ್ಲಿಸಿ ಮಲಗಿ, ತಡವಾದರೂ ಚಿಂತೆಯಿಲ್ಲ’ ಎಂದು ಹೇಳೋಣ. ಒಂದು ಬಾಡಿಗೆ ತಪ್ಪಿದರೆ ನಾಳೆ ಇನ್ನೊಂದು ಬಂದೀತು. ಮನೆಯ ಯಜಮಾನರಿಗೆ ಬದಲಿ ಎಲ್ಲಿಂದ ಬರಬೇಕು?