ಯಂತ್ರದ ಸಾವಿಗೊಂದು ಕ್ರಿಯಾಪದ

ವಿಜ್ಞಾನದ ಕಲ್ಪನಾಲೋಕವನ್ನು ಕತೆಗಾರರಿಗೆ ಬಿಟ್ಟು ಕವಿಗಳು ದೂರ ನಿಂತರೆಂಬ ಮಾತು ಪೂರ್ತಿ ನಿಜವಲ್ಲ. ಎಳೆಯ ವಯಸ್ಸಿನಲ್ಲಿ ಹಡಗಿನ ಆಳಾಗಿ ದುಡಿದ ಸ್ವೀಡನ್ನಿನ ಕವಿ ಹ್ಯಾರಿ ಮಾರ್ಟಿನ್‌ಸನ್ 1956ರಲ್ಲಿ ‘ಅನಿಯಾರ’ ಎಂಬ ಕಾವ್ಯವನ್ನು ಪ್ರಕಟಿಸಿದ. ಒಟ್ಟು 103 ಹಾಡುಗಳು. ಹಾಳಾದ ಭೂಮಿಯನ್ನು ತೊರೆದು ಮಂಗಳಗ್ರಹಕ್ಕೆ ಹೊರಟ 8000 ಜನರ ನೌಕೆಯೊಂದು ಕ್ಷುದ್ರಗ್ರಹವನ್ನು ತಪ್ಪಿಸಹೋಗಿ ದಾರಿಗೆಡುತ್ತದೆ. ಮರಳಲಾರದೆ ವೀಣಾ ನಕ್ಷತ್ರಪುಂಜದ ಕಡೆಗೆ ಸಾಗುತ್ತದೆ.

ಇಂಗ್ಲಿಷ್ ಅನುವಾದದಲ್ಲಿ ಇದನ್ನು ಓದಿದಾಗ ನನ್ನನ್ನು ತಡೆದು ನಿಲ್ಲಿಸಿದ್ದು ಆ ನೌಕೆಯೊಳಗಿನ ಮಿಮಾ ಎಂಬ ಯಂತ್ರ. ದೂರದ ಲೋಕಗಳ ದೃಶ್ಯಗಳನ್ನು ಹಿಡಿದು ಪ್ರಯಾಣಿಕರಿಗೆ ತೋರಿಸುವುದು ಅದರ ಕೆಲಸ. ಜನ ಅದನ್ನು ದೇವರೆಂದೇ ಕಾಣುತ್ತಾರೆ. ಒಂದು ದಿನ ಭೂಮಿಯ ಡೋರಿಸ್‌ಬರ್ಗ್ ನಗರ ಸುಟ್ಟು ನಾಶವಾಗುವುದು ಮಿಮಾಗೆ ಕಾಣಿಸುತ್ತದೆ. ಆ ದುಃಖವನ್ನು ತಾಳಲಾರದೆ ಅದು ಮುಗಿದುಹೋಗುತ್ತದೆ. ಹಿರೋಷಿಮಾ ಉರಿದು ಆಗ 11 ವರ್ಷವಷ್ಟೇ ಆಗಿತ್ತೆಂಬುದನ್ನು ಮರೆಯಬಾರದು. ಮನುಷ್ಯರೋ, ಅದಾದ ಮೇಲೂ ಹೊಸ ಹೊಸ ಪೂಜೆಗಳನ್ನು ಹೂಡಿಕೊಂಡು ವರ್ಷಗಟ್ಟಲೆ ಬದುಕುತ್ತಾರೆ!

‘ಮುಗಿದುಹೋಗುತ್ತದೆ’ ಎಂದು ಈಗ ಬರೆದೆನಷ್ಟೆ? ಈ ಭಾಗವನ್ನು ತರಗತಿಯಲ್ಲಿ ಕನ್ನಡದಲ್ಲಿ ಹೇಳಹೊರಟಾಗ ತಡವರಿಸಿದ್ದೆ. ನಮ್ಮಲ್ಲಿ ಮನುಷ್ಯ ತೀರಿಕೊಳ್ಳುತ್ತಾನೆ, ನಾಯಿ ಸಾಯುತ್ತದೆ, ಮರ ಒಣಗುತ್ತದೆ, ಗಡಿಯಾರ ನಿಲ್ಲುತ್ತದೆ, ಪಂಪು ಕೆಡುತ್ತದೆ. ಮಿಮಾ ‘ಕೆಟ್ಟಿತು’ ಎಂದರೆ ರಿಪೇರಿಯವನನ್ನು ಕರೆಸಿದರಾಯಿತು. ‘ತೀರಿಕೊಂಡಳು’ ಎಂದರೆ ಹುಡುಗರು ನಗುತ್ತಾರೆ. ಅಂದು ನಕ್ಕರು ಕೂಡ.

ಆ ನಗು ನನ್ನನ್ನು ಬಿಡಲಿಲ್ಲ. ಮನುಷ್ಯರೊಡನೆ ಸಂಭಾಷಿಸುವ ಯಂತ್ರಗಳು ಬಂದಿರುವ ಈ ಕಾಲದಲ್ಲಿ ನಾನೂ ಅಂಥದೊಂದು ಪದ್ಯಕ್ಕೆ ಕೈಹಾಕಿದೆ. ಯಂತ್ರಕ್ಕೆ ಕಣ್ಣೀರು ಕೊಟ್ಟೆ, ಎದೆಬಡಿತ ಕೊಟ್ಟೆ, ಅಷ್ಟೂ ಸುಳ್ಳಾಯಿತು. ಕಡೆಗೆ ಉಳಿದದ್ದು ಯಂತ್ರದ ವೇಷ ತೊಟ್ಟ ಒಬ್ಬ ಮನುಷ್ಯ. ಮಾರ್ಟಿನ್‌ಸನ್ ಮಿಮಾಗೆ ಮನುಷ್ಯನ ಮೈಯನ್ನು ಕೊಟ್ಟಿರಲಿಲ್ಲ. ಎಲ್ಲವನ್ನೂ ನೋಡುವ ಶಕ್ತಿಯನ್ನು ಕೊಟ್ಟು, ಕಣ್ಣು ಮುಚ್ಚಿಕೊಳ್ಳುವ ರೆಪ್ಪೆಯನ್ನು ಕೊಡದೆ ಬಿಟ್ಟಿದ್ದ. ಅದರ ಸಾವು ಬಂದದ್ದು ಅದರ ಕೆಲಸದಿಂದಲೇ. ಇಷ್ಟು ತಿಳಿದ ಮೇಲೆ ಪದ್ಯವೇನೋ ಸಾಗಿತು. ಕೊನೆಯ ಸಾಲಿನ ಕ್ರಿಯಾಪದ ಮಾತ್ರ ಒದಗಲಿಲ್ಲ.

ಅದು ಸಿಕ್ಕಿದ್ದು ಮನೆಮಾತಿನಲ್ಲಿ. ನನ್ನ ತಾಯಿ ಎಂದೂ ದೀಪ ‘ಆರಿತು’ ಎಂದವರಲ್ಲ, ‘ದೊಡ್ಡದಾಯಿತು’ ಎನ್ನುತ್ತಿದ್ದರು. ಉಸಿರಿಲ್ಲದ ವಸ್ತುವಿನ ಕೊನೆಯನ್ನು ಹೇಳುವುದಕ್ಕೂ ಅವರ ನಾಲಿಗೆ ಅಂಜುತ್ತಿತ್ತು. ಬರೆದಿದ್ದ ಸಾಲನ್ನು ಹೊಡೆದುಹಾಕಿ ಅಲ್ಲಿ ಆ ಮಾತನ್ನಿಟ್ಟಿದ್ದೇನೆ. ಇನ್ನು ಅದೇ ಹುಡುಗರ ಮುಂದೆ ಓದಬೇಕು.