‘ಇನ್ನೊಂದೇ ತಿಂಗಳು ಸಾರ್!’

ಥೀಸಿಸ್ ಎಲ್ಲಿಗೆ ಬಂತು ಎಂದು ಗೈಡ್ ಕೇಳಿದಾಗಲೆಲ್ಲ ಬರುವ ಉತ್ತರ ಇದು. ಹೇಳುವವರು ಅದನ್ನು ಮನಸಾರೆ ನಂಬಿರುತ್ತಾರೆ ಎಂಬುದೇ ತೊಂದರೆ.

ಕೆನಡಾದ ಮನೋವಿಜ್ಞಾನಿ ರೋಜರ್ ಬ್ಯೂಲರ್ ಮತ್ತು ಸಂಗಡಿಗರು 1994ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪದವಿಯ ಪ್ರಬಂಧ ಮುಗಿಸುವ ಹಂತದಲ್ಲಿದ್ದ ಮನೋವಿಜ್ಞಾನದ ವಿದ್ಯಾರ್ಥಿಗಳು ಇನ್ನು ಸರಾಸರಿ 34 ದಿನ ಸಾಕು ಎಂದಿದ್ದರು. ಎಲ್ಲವೂ ಕೈಕೊಟ್ಟರೆ? 49 ದಿನ. ನಿಜಕ್ಕೂ ಹಿಡಿದದ್ದು 55 ದಿನಕ್ಕೂ ಹೆಚ್ಚು. ಹೇಳಿದ ದಿನದೊಳಗೆ ಮುಗಿಸಿದವರು ಹತ್ತರಲ್ಲಿ ಮೂವರು ಮಾತ್ರ. ಮುಂದಿನ ಕೆಲಸವನ್ನು ಊಹಿಸುವಾಗ ನಮ್ಮದೇ ಹಿಂದಿನ ಅನುಭವವನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇನ್ನೂರು ಪುಟದ ಪಿಎಚ್‌.ಡಿ. ಮಹಾಪ್ರಬಂಧದ ಪಾಡು ಹೇಳಬೇಕೆ? ನಮ್ಮಲ್ಲಿ ಯುಜಿಸಿಯ ಜೆಆರ್‌ಎಫ್ ಶಿಷ್ಯವೇತನ ಐದು ವರ್ಷಕ್ಕೆ ನಿಲ್ಲುತ್ತದೆ, ನೋಂದಣಿಯಾದ ಮೇಲೆ ಪ್ರಬಂಧ ಮುಗಿಸಲು ಸಾಮಾನ್ಯವಾಗಿ ಆರು ವರ್ಷದ ಗಡುವು. ಲೆಕ್ಕ ತಪ್ಪಿದರೆ ಕೊನೆಯ ವರ್ಷ ಬರಿಗೈಯಲ್ಲಿ ಬರೆಯಬೇಕು.

ಗಡುವು ಮೀರುವ ಭಯ ಹತ್ತಿದಾಗ ಅಡ್ರಿನಲ್ ಗ್ರಂಥಿಗಳು ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನ್ ಸುರಿಸುತ್ತವೆ. ಮಿದುಳಿನಲ್ಲಿ ನಾರ್‌ಅಡ್ರಿನಲಿನ್, ಡೋಪಮೈನ್ ಎಂಬ ರಾಸಾಯನಿಕಗಳು ಅತಿಯಾಗುತ್ತವೆ. ಇದರ ಪೆಟ್ಟು ಬೀಳುವುದು ಹಣೆಯ ಹಿಂದಿರುವ ಪ್ರಿಫ್ರಂಟಲ್ ಕಾರ್ಟೆಕ್ಸ್‌ಗೆ. ಹಲವು ಎಳೆಗಳನ್ನು ಒಟ್ಟಿಗೆ ನೆನಪಿಟ್ಟು ವಾದ ಕಟ್ಟುವ ಭಾಗ ಅದೇ. ಹಾಗಾಗಿ ರಾತ್ರಿ ಹನ್ನೊಂದಕ್ಕೆ ಕೋಷ್ಟಕ 4.3ರ ಗೆರೆ ದಪ್ಪ ಮಾಡುವುದು, ಗ್ರಂಥಸೂಚಿಯ ಅಲ್ಪವಿರಾಮ ತಿದ್ದುವುದು ಸಲೀಸು. ಆ ಕೋಷ್ಟಕ ಏನು ಹೇಳುತ್ತಿದೆ ಎಂದು ಒಂದು ಪ್ಯಾರಾ ಬರೆಯಲು ಕೈ ಏಳದು. ಮನೆಯವರು ಇದನ್ನು ಸೋಮಾರಿತನ ಎನ್ನುತ್ತಾರೆ, ಪಾಪ. ಆದರೆ ಕೆಲಸ ಮುಂದೂಡುವುದರ ಹಿಂದೆ ಬಹುಮಟ್ಟಿಗೆ ಇರುವುದು ಆ ಕೆಲಸ ಎಬ್ಬಿಸುವ ಕಸಿವಿಸಿಯಿಂದ ತಪ್ಪಿಸಿಕೊಳ್ಳುವ ಆಸೆ.

ಹಾಗಾದರೆ ಮಾಡುವುದೇನು? ಅಮೆರಿಕದ ಮನೋವಿಜ್ಞಾನಿಗಳಾದ ಮಸಿಕಾಂಪೊ ಮತ್ತು ಬೌಮೈಸ್ಟರ್ 2011ರಲ್ಲಿ ತೋರಿಸಿದ ಸಂಗತಿ ನನಗೆ ಬಹಳ ಉಪಯುಕ್ತ ಎನಿಸುತ್ತದೆ. ಅರ್ಧಕ್ಕೆ ನಿಂತ ಕೆಲಸ ಬೇರೆ ಓದಿನ ನಡುವೆಯೂ ತಲೆ ತಿನ್ನುತ್ತದೆ. ಯಾವಾಗ, ಹೇಗೆ ಮಾಡುವುದೆಂದು ಖಚಿತವಾಗಿ ಬರೆದಿಟ್ಟರೆ ಆ ಕಾಟ ತಗ್ಗುತ್ತದೆ, ಕೆಲಸ ಇನ್ನೂ ಮುಗಿಯದಿದ್ದರೂ. ‘ಚರ್ಚೆಯ ಅಧ್ಯಾಯ ಮುಗಿಸಬೇಕು’ ಎಂಬುದು ಯೋಜನೆಯಲ್ಲ. ‘ನಾಳೆ ಬೆಳಿಗ್ಗೆ ಎಂಟಕ್ಕೆ, ಕೋಷ್ಟಕ 4.3ರ ಮೂರನೇ ಸಾಲಿನ ಅಂಕಿ ಏಕೆ ಏರಿತೆಂದು ಒಂದು ಪ್ಯಾರಾ’ ಎಂಬುದು ಯೋಜನೆ. ಗೈಡ್‌ಗೆ ದಿನಾಂಕ ಹೇಳುವ ಮುನ್ನ ಹಿಂದಿನ ಅಧ್ಯಾಯಕ್ಕೆ ಎಷ್ಟು ವಾರ ಹಿಡಿಯಿತೆಂದು ಡೈರಿ ತೆಗೆದು ನೋಡಿ, ಆ ಲೆಕ್ಕವನ್ನೇ ಕೊಡಿ.

ವಾರಗಟ್ಟಲೆ ನಿದ್ದೆ ಬರದಿದ್ದರೆ, ಬದುಕೇ ಬೇಡವೆನಿಸಿದರೆ ಕಾಯಬೇಡಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ ಸೇವೆ ಅದು, ಕನ್ನಡದಲ್ಲೇ ಮಾತನಾಡಬಹುದು.