ಕಡಿಮೆ ನೀರಿನಲ್ಲಿ ಫೋಟೊ ಪ್ರಿಂಟ್ ತೊಳೆಯುವ ಬಗೆ



ಹಳೆ ನೆಗೆಟಿವ್‌ಗಳಿಂದ ಡಾರ್ಕ್‌ರೂಮಿನಲ್ಲಿ ಪ್ರಿಂಟ್ ತೆಗೆಯುವವರು ನಮ್ಮಲ್ಲಿ ಇನ್ನೂ ಕೆಲವರಿದ್ದಾರೆ. ಕೊಡ ಎಣಿಸಿ ನೀರು ಬಳಸುವ ಜತ್ತ ತಾಲೂಕಿನಲ್ಲಿ ಪ್ರಿಂಟ್ ತೊಳೆಯಲು ಒಂದು ತಾಸು ನಳ ಬಿಡುವುದು ಹೇಗೆ ಎಂಬುದು ಅವರ ಪ್ರಶ್ನೆ. ಅದಕ್ಕಾಗಿ ಈ ಲೇಖನ.

ಗಡಿಭಾಗದ ಮನೆಗಳಲ್ಲಿ ಇಂಥ ಫೋಟೊಗಳಿಗೆ ಬೆಲೆ ಹೆಚ್ಚು. ಜತ್ತ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. 1960ರಿಂದ ನಾವು ಮಹಾರಾಷ್ಟ್ರದಲ್ಲಿದ್ದೇವೆ. ಕನ್ನಡ ಶಾಲೆಯ ಗುಂಪು ಫೋಟೊ, ಗುಡ್ಡಾಪುರದ ದಾನಮ್ಮದೇವಿ ಜಾತ್ರೆಗೆ ನಡೆದು ಬಂದವರ ಫೋಟೊ, ಇವೆಲ್ಲ ನಮ್ಮ ದಾಖಲೆಗಳೇ.

ಪ್ರಿಂಟ್ ಹಳದಿಯಾಗಲು ಮುಖ್ಯ ಕಾರಣ ಕಾಗದದಲ್ಲಿ ಉಳಿದ ಹೈಪೊ, ಅಂದರೆ ಸೋಡಿಯಂ ಥಯೋಸಲ್ಫೇಟ್. ಇದು ಬೆಳ್ಳಿಯ ಲವಣಗಳನ್ನು ಕರಗಿಸುತ್ತದೆಂದು ಜಾನ್ ಹರ್ಷಲ್ 1819ರಲ್ಲೇ ತೋರಿಸಿದ್ದರು. ಚಿತ್ರ ನಿಲ್ಲಿಸುವುದು ಹೈಪೊ. ತೊಳೆಯದೆ ಬಿಟ್ಟರೆ ಅದರೊಳಗಿನ ಗಂಧಕವೇ ಮುಂದೆ ಬೆಳ್ಳಿಯನ್ನು ತಿನ್ನುತ್ತದೆ. ಕಾಗದದ ನಾರು ಹೈಪೊವನ್ನು ಬಿಗಿಯಾಗಿ ಹಿಡಿಯುತ್ತದೆ, ಬರಿ ನೀರಿಗೆ ಬೇಗ ಬಿಡುವುದಿಲ್ಲ. ಉಪ್ಪಿನಂಶವಿದ್ದರೆ ಬಿಡುತ್ತದೆ. ಸಮುದ್ರದ ನೀರು ಹೈಪೊವನ್ನು ಬೇಗ ತೆಗೆಯುವುದು ಇದರಿಂದಲೇ. ಕಾಸರಗೋಡು ಕಡೆಯ ಸದಸ್ಯರು ಅದನ್ನು ಬಳಸಿದರೆ ಕೊನೆಗೆ ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯಲೇಬೇಕು.

ನಮಗೆ ಸಮುದ್ರವಿಲ್ಲ, ಸೋಡಿಯಂ ಸಲ್ಫೈಟ್ ಇದೆ. ಒಂದು ಲೀಟರ್ ನೀರಿಗೆ ನಿರ್ಜಲ ಸೋಡಿಯಂ ಸಲ್ಫೈಟ್ 20 ಗ್ರಾಂ, ಸೋಡಿಯಂ ಮೆಟಾಬೈಸಲ್ಫೈಟ್ 5 ಗ್ರಾಂ ಹಾಕಿ ಕದಡಿದರೆ ದ್ರಾವಣ ಸಿದ್ಧ. ಎರಡನೆಯದು ಸಿಗದಿದ್ದರೆ ಮೊದಲನೆಯದೊಂದೇ ನಡೆದೀತು. ಚೀಟಿ ಓದುವಾಗ ಅಕ್ಷರ ನೋಡಿ: ಬೇಕಾದದ್ದು ಸಲ್ಫೈಟ್. ಸಲ್ಫೇಟ್ ಬೇರೆ, ಸಲ್ಫೈಡ್ ಅಂತೂ ವಿಷಕಾರಿ, ಪ್ರಿಂಟನ್ನೂ ಕೆಡಿಸುತ್ತದೆ.

ಕ್ರಮ ಹೀಗೆ:

1. ಹೈಪೊದಿಂದ ತೆಗೆದ ಪ್ರಿಂಟನ್ನು ಸೋರಿಸಿ, ನೀರು ಬದಲಿಸುತ್ತ 5 ನಿಮಿಷ ತೊಳೆಯಿರಿ.
2. ಸಲ್ಫೈಟ್ ದ್ರಾವಣದಲ್ಲಿ ಟ್ರೇ ಅಲ್ಲಾಡಿಸುತ್ತ ತೆಳು ಕಾಗದವನ್ನು 2 ನಿಮಿಷ, ದಪ್ಪ ಕಾಗದವನ್ನು 3 ನಿಮಿಷ ಇಡಿ.
3. ಬಳಿಕ ಟ್ರೇಗೆ ನೀರು ತುಂಬಿ, 5 ನಿಮಿಷ ಅಲ್ಲಾಡಿಸಿ, ಪೂರ್ತಿ ಚೆಲ್ಲಿ ಮತ್ತೆ ತುಂಬಿ. ಹೀಗೆ 6 ಸಲ ಮಾಡಿ. ಪ್ರಿಂಟ್‌ಗಳು ಒಂದಕ್ಕೊಂದು ಅಂಟಬಾರದು.

ನೀರು 18ರಿಂದ 24 ಡಿಗ್ರಿ ಇರಲಿ; ತಣ್ಣೀರಿನಲ್ಲಿ ಕೆಲಸ ನಿಧಾನ. ಪ್ಲಾಸ್ಟಿಕ್ ಲೇಪದ ಕಾಗದಕ್ಕೆ ಈ ದ್ರಾವಣ ಬೇಕಿಲ್ಲ, ಕೆಲವೇ ನಿಮಿಷ ತೊಳೆದರೆ ಸಾಕು.

ಹೈಪೊ ಹೋಯಿತೇ ಎಂದು ಪರೀಕ್ಷಿಸಲು 75 ಮಿಲಿ ಬಟ್ಟಿ ಇಳಿಸಿದ ನೀರಿಗೆ ಶೇ. 28ರ ಅಸೆಟಿಕ್ ಆಮ್ಲ 12.5 ಮಿಲಿ, ಸಿಲ್ವರ್ ನೈಟ್ರೇಟ್ 0.75 ಗ್ರಾಂ ಸೇರಿಸಿ, ನೀರು ಹಾಕಿ 100 ಮಿಲಿ ಮಾಡಿ. ಬಿಳಿ ಅಂಚಿನ ಮೇಲೆ ಒಂದು ಹನಿ ಬಿಟ್ಟು, ಮಂದ ಬೆಳಕಿನಲ್ಲಿ 2 ನಿಮಿಷ ಕಾಯಿರಿ. ಕಲೆ ತೀರ ತಿಳಿಯಾಗಿದ್ದರೆ ಸಾಕು; ಕಂದು ಬಂದರೆ ಮತ್ತೆ ತೊಳೆಯಿರಿ. ಈ ನೀರು ಚರ್ಮವನ್ನು ಕಪ್ಪಾಗಿಸುತ್ತದೆ, ಕೈಗವಸು ಹಾಕಿ.

ಸಲ್ಫೈಟ್ ದ್ರಾವಣ ಗಾಳಿಗೆ ಕೆಡುತ್ತದೆ, ಆಯಾ ದಿನವೇ ಕಲೆಸಿ. ಆಮ್ಲ ತಾಗಿದರೆ ಉಸಿರು ಕಟ್ಟಿಸುವ ಅನಿಲ ಏಳುತ್ತದೆ. ದಮ್ಮು ಇರುವವರು ದೂರವಿರಿ, ಕಿಟಕಿ ತೆರೆದಿಡಿ. ಅಡುಗೆ ಪಾತ್ರೆ ಬಳಸಬೇಡಿ. ಬಳಸಿದ ಹೈಪೊದಲ್ಲಿ ಬೆಳ್ಳಿ ಇರುತ್ತದೆ, ಬಾವಿ, ಹೊಲದ ಕಡೆ ಚೆಲ್ಲಬೇಡಿ.

ಕೊನೆಯದಾಗಿ ಒಂದು ವಿನಂತಿ. ಈಗಾಗಲೇ ಹಳದಿಯಾದ ಹಳೆ ಪ್ರಿಂಟನ್ನು ಈ ದ್ರಾವಣಕ್ಕೆ ಹಾಕಬೇಡಿ. ಕೆಟ್ಟ ಬೆಳ್ಳಿ ತೊಳೆದರೆ ಮರಳುವುದಿಲ್ಲ, ಮೇಲ್ಪದರ ಕಿತ್ತು ಬರಬಹುದು. ಮೊದಲು ಅದರ ನಕಲು ತೆಗೆದಿಡಿ. ಹೊಸ ಪ್ರಿಂಟ್ ಒಣಗಿದ ಮೇಲೆ ಹಿಂಬದಿಯ ಅಂಚಿನಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಹೆಸರು, ಊರು, ವರ್ಷವನ್ನು ಕನ್ನಡದಲ್ಲಿ ಬರೆಯಿರಿ.

ಇಂತಿ,
ಕಾರ್ಯದರ್ಶಿ